ಹಾಡಿನ ಪುಟದ ಎರಡು ಮೂಲೆಗಳು

ಸ್ವರಲಿಪಿ ಸಮೇತ ಅಚ್ಚಾದ ಹಳೆಯ ಇಂಗ್ಲಿಷ್ ಗೀತಪುಸ್ತಕಗಳಲ್ಲಿ ಹಾಡಿನ ಶೀರ್ಷಿಕೆಯ ಕೆಳಗೆ ಸಾಮಾನ್ಯವಾಗಿ ಎರಡು ಹೆಸರುಗಳಿರುತ್ತವೆ. ಎಡಮೂಲೆಯಲ್ಲಿ ಸಾಹಿತ್ಯ ಬರೆದವರದು, ಬಲಮೂಲೆಯಲ್ಲಿ ಧಾಟಿ ಕಟ್ಟಿದವರದು. ಜತೆಗೆ ಒಂದೆರಡು ಇಸವಿ. ಹಾಡುವವರ ಕಣ್ಣು ಆ ಸಣ್ಣ ಅಕ್ಷರಗಳ ಮೇಲೆ ನಿಲ್ಲುವುದು ಕಡಿಮೆ. ಹಾಡಿನ ಹಿಂದಿನ ಕಥೆ ಮಾತ್ರ ಬಾಯಿಂದ ಬಾಯಿಗೆ ದಾಟಿ ಎಲ್ಲರಿಗೂ ಗೊತ್ತಿರುತ್ತದೆ: ಬಿರುಗಾಳಿ ಎದ್ದಿತು, ಹಡಗು ಮುಳುಗಿತು, ಮಕ್ಕಳು ತೀರಿಕೊಂಡರು, ಕಣ್ಣೀರು ಒರೆಸಿಕೊಂಡು ಕೂತವರು ಬೆಳಗಾಗುವುದರೊಳಗೆ ಹಾಡು ಬರೆದು ಮುಗಿಸಿದರು. ಭಾನುವಾರದ ಪ್ರಸಂಗಕ್ಕೂ ವಾಟ್ಸ್ಆ್ಯಪ್ ಸಂದೇಶಕ್ಕೂ ಹೇಳಿಮಾಡಿಸಿದಂಥ ಕಥೆಗಳು.

ಇವೆಲ್ಲ ಸುಳ್ಳಲ್ಲ. ಹಡಗು ಮುಳುಗಿದ್ದು ನಿಜ, ಮಕ್ಕಳು ಸತ್ತದ್ದೂ ನಿಜ. ಆದರೆ ಹೇಳುತ್ತ ಹೇಳುತ್ತ ಕಥೆ ನುಣುಪಾದಂತೆ ಮೊದಲು ಬಿದ್ದುಹೋಗುವುದು ಬಲಮೂಲೆಯ ಹೆಸರು, ಆಮೇಲೆ ನಡುವಿನ ವರ್ಷಗಳು, ಆಮೇಲೆ ಅನುವಾದಕರು, ಸಂಪಾದಕರು. ಕೊನೆಗೆ ಉಳಿಯುವುದು ಒಬ್ಬ ವ್ಯಕ್ತಿ ಮತ್ತು ಒಂದು ರಾತ್ರಿ. ಜನಪ್ರಿಯವಾದ ಕೆಲವು ನಂಬಿಕೆಗಳನ್ನು ದಾಖಲೆಗಳ ಪಕ್ಕದಲ್ಲಿಟ್ಟು ನೋಡಿದರೆ, ಕಳೆದುಹೋದದ್ದೇ ಹೆಚ್ಚು ಸ್ವಾರಸ್ಯದ್ದು ಅನ್ನಿಸುತ್ತದೆ.

1. ತಪ್ಪು ಕಲ್ಪನೆ: ಹಾಡು ಬರೆದವರೇ ಧಾಟಿಯನ್ನೂ ಕಟ್ಟಿರುತ್ತಾರೆ.

ವಾಸ್ತವ: ಅಂಥ ಹಾಡುಗಳೂ ಇವೆ. ರಾಬರ್ಟ್ ಲೌರಿ 1864ರಲ್ಲಿ ಬ್ರೂಕ್ಲಿನ್‌ನಲ್ಲಿ 'ಶಲ್ ವಿ ಗ್ಯಾದರ್ ಅಟ್ ದ ರಿವರ್' ಹಾಡಿಗೆ ಮಾತು, ಧಾಟಿ ಎರಡನ್ನೂ ತಾವೇ ಕೊಟ್ಟರು. 1913ರ 'ದಿ ಓಲ್ಡ್ ರಗೆಡ್ ಕ್ರಾಸ್' ಪೂರ್ತಿಯಾಗಿ ಜಾರ್ಜ್ ಬೆನ್ನಾರ್ಡ್ ಅವರದು. ಆದರೆ ಹೆಚ್ಚಿನ ಹಾಡುಗಳು ಇಬ್ಬರ, ಮೂವರ ಕೈದಾಟಿ ಬಂದವು.

'ವಾಟ್ ಎ ಫ್ರೆಂಡ್ ವಿ ಹ್ಯಾವ್ ಇನ್ ಜೀಸಸ್' ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಸಾಹಿತ್ಯ ಜೋಸೆಫ್ ಸ್ಕ್ರಿವೆನ್ ಅವರದು. 1819ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವರು. ಮದುವೆ ಗೊತ್ತಾಗಿದ್ದ ಹುಡುಗಿ ನೀರಿನಲ್ಲಿ ಮುಳುಗಿ ತೀರಿಕೊಂಡ ಮೇಲೆ ಕೆನಡಾಕ್ಕೆ ಹೋಗಿ ಪೋರ್ಟ್ ಹೋಪ್ ಸುತ್ತಮುತ್ತ ನೆಲೆಸಿದರು. ಸುಮಾರು 1855ರಲ್ಲಿ, ಊರಿನಲ್ಲಿ ಕಾಯಿಲೆ ಬಿದ್ದಿದ್ದ ತಾಯಿಗೆ ಸಮಾಧಾನವಾಗಲೆಂದು ಒಂದು ಪದ್ಯ ಬರೆದು ಕಳಿಸಿದರು. ಅಚ್ಚು ಹಾಕಿಸುವ ಯೋಚನೆ ಅವರಿಗಿರಲಿಲ್ಲ. ಪದ್ಯ ಹೇಗೋ ಹೊರಬಿತ್ತು, ಹೆಸರಿಲ್ಲದೆ ತಿರುಗಾಡಿತು. 1868ರಲ್ಲಿ ಅದಕ್ಕೆ ಧಾಟಿ ಕೊಟ್ಟವರು ಚಾರ್ಲ್ಸ್ ಕಾನ್ವರ್ಸ್. ವೃತ್ತಿಯಿಂದ ಅಮೆರಿಕದ ವಕೀಲರು, ಸಂಗೀತ ಕಲಿತದ್ದು ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಸಾಹಿತ್ಯ ಯಾರದ್ದೆಂದು ತಿಳಿಯದೆ ಕೆಲಕಾಲ ಅದನ್ನು ಸ್ಕಾಟ್ಲೆಂಡಿನ ಹೊರೇಷಿಯಸ್ ಬೋನರ್ ಅವರ ಹೆಸರಿಗೆ ಜಮಾ ಮಾಡಲಾಗಿತ್ತು. ಇತ್ತ ಕಾನ್ವರ್ಸ್ ಅವರ ಧಾಟಿ ಜಪಾನಿಗೂ ಹೋಯಿತು; ಅಲ್ಲಿ 1910ರಲ್ಲಿ ಅದಕ್ಕೆ ನಕ್ಷತ್ರಗಳನ್ನು ಕುರಿತ ಶಾಲೆಯ ಹಾಡೊಂದರ ಮಾತುಗಳನ್ನು ಜೋಡಿಸಿದರು. ಹೀಗೆ ಒಂದೇ ಹಾಡಿನ ಮಾತಿಗೂ ಧಾಟಿಗೂ ಬೇರೆ ಬೇರೆ ಜಾತಕ.

2. ತಪ್ಪು ಕಲ್ಪನೆ: ಗುಲಾಮರ ಹಡಗಿನ ಕಪ್ತಾನ ಜಾನ್ ನ್ಯೂಟನ್ ಬಿರುಗಾಳಿಗೆ ಸಿಕ್ಕಿ ಪರಿವರ್ತನೆಯಾದ, ಆ ವ್ಯಾಪಾರವನ್ನು ಅಂದೇ ಬಿಟ್ಟ, 'ಅಮೇಜಿಂಗ್ ಗ್ರೇಸ್' ಬರೆದ.

ವಾಸ್ತವ: ಬಿರುಗಾಳಿ ಎದ್ದದ್ದು 1748ರ ಮಾರ್ಚ್‌ನಲ್ಲಿ. 'ಗ್ರೇಹೌಂಡ್' ಎಂಬ ಹಡಗಿನಲ್ಲಿದ್ದ ನ್ಯೂಟನ್ ಆಗ ಕಪ್ತಾನರಲ್ಲ. ಅವರು ಗುಲಾಮರ ಹಡಗುಗಳ ಕಪ್ತಾನರಾದದ್ದೇ ಆ ಬಿರುಗಾಳಿಯ ನಂತರ. 1750ರಿಂದ 1754ರವರೆಗೆ ಮೂರು ಯಾನಗಳಲ್ಲಿ ಆಫ್ರಿಕದ ಜನರನ್ನು ಸಂಕೋಲೆ ಹಾಕಿ ಅಟ್ಲಾಂಟಿಕ್ ದಾಟಿಸಿದರು. ಪ್ರಾರ್ಥನೆ ನಡೆಯುತ್ತಿತ್ತು, ಬೈಬಲ್ ಓದು ನಡೆಯುತ್ತಿತ್ತು, ವ್ಯಾಪಾರವೂ ನಡೆಯುತ್ತಿತ್ತು. ಸಮುದ್ರ ಬಿಟ್ಟದ್ದು ಮನಸ್ಸಾಕ್ಷಿ ಚುಚ್ಚಿ ಅಲ್ಲ. 1754ರಲ್ಲಿ ಹಠಾತ್ತಾಗಿ ಆರೋಗ್ಯ ಕೆಟ್ಟದ್ದರಿಂದ.

ಆಮೇಲೆ ಲಿವರ್‌ಪೂಲಿನ ಬಂದರಿನಲ್ಲಿ ಸುಂಕದ ಅಧಿಕಾರಿಯಾದರು. 1764ರಲ್ಲಿ ಪಾದ್ರಿ ದೀಕ್ಷೆ ಪಡೆದು ಓಲ್ನಿ ಎಂಬ ಸಣ್ಣ ಊರಿಗೆ ಹೋದರು. ಅಲ್ಲಿನ ಸಭೆಯಲ್ಲಿ ಲೇಸ್ ಹೆಣೆದು ಹೊಟ್ಟೆ ಹೊರೆಯುವ ಬಡವರು ಬಹಳ. ಅವರಿಗೆ ಅರ್ಥವಾಗುವ ಹಾಗೆ ಪ್ರಸಂಗಕ್ಕೆ ಹೊಂದುವ ಹಾಡುಗಳನ್ನು ನ್ಯೂಟನ್ ಬರೆಯತೊಡಗಿದರು. 'ಅಮೇಜಿಂಗ್ ಗ್ರೇಸ್' 1773ರ ಜನವರಿ 1ರ ಪ್ರಸಂಗಕ್ಕೆಂದು ಸಿದ್ಧವಾದದ್ದು. ಅದರ ಆಧಾರ ಹಳೆಯ ಒಡಂಬಡಿಕೆಯಲ್ಲಿ ದಾವೀದನು ಮಾಡುವ ಒಂದು ಪ್ರಾರ್ಥನೆ. ಬಿರುಗಾಳಿಗೂ ಹಾಡಿಗೂ ನಡುವೆ ಹೆಚ್ಚುಕಡಿಮೆ 25 ವರ್ಷ. ಗುಲಾಮಗಿರಿಯ ವ್ಯಾಪಾರದ ವಿರುದ್ಧ ಅವರು ಬಹಿರಂಗವಾಗಿ ಬರೆದದ್ದು ಇನ್ನೂ ತಡವಾಗಿ, 1788ರಲ್ಲಿ. ಆ ಕಿರುಹೊತ್ತಿಗೆಯಲ್ಲಿ ತಾವು ಕಂಡದ್ದನ್ನೂ ಮಾಡಿದ್ದನ್ನೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು, ಪಾರ್ಲಿಮೆಂಟಿನ ಮುಂದೆ ಸಾಕ್ಷಿ ಹೇಳಿದರು. ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲೇ ಅವರು ತೀರಿಕೊಂಡರು.

ಒಂದು ರಾತ್ರಿಯಲ್ಲಿ ಬದಲಾದ ಮನುಷ್ಯನ ಕಥೆ ಕೇಳಲು ಸುಲಭ. ಭಕ್ತಿ ಬಂದ ಮೇಲೂ ಆರು ವರ್ಷ ಮನುಷ್ಯರನ್ನು ಮಾರುವ ದಂಧೆಯಲ್ಲಿದ್ದು, ಅದು ಪಾಪವೆಂದು ಊರಿಗೆಲ್ಲ ಕೇಳುವಂತೆ ಹೇಳಲು ನಾಲ್ಕು ದಶಕ ತೆಗೆದುಕೊಂಡವನ ಕಥೆ ಕೇಳುವುದು ಕಷ್ಟ. ನಿಜವಾದದ್ದು ಎರಡನೆಯದು.

3. ತಪ್ಪು ಕಲ್ಪನೆ: 'ಅಮೇಜಿಂಗ್ ಗ್ರೇಸ್' ಧಾಟಿಯನ್ನು ನ್ಯೂಟನ್ ಹಡಗಿನ ಅಡಿಯಲ್ಲಿದ್ದ ಗುಲಾಮರ ಬಾಯಿಂದ ಕೇಳಿ ತೆಗೆದುಕೊಂಡ.

ವಾಸ್ತವ: ಮನಸ್ಸಿಗೆ ನಾಟುವ ಕಥೆ, ಆದರೆ ಆಧಾರವಿಲ್ಲ. 1779ರಲ್ಲಿ ನ್ಯೂಟನ್ ಮತ್ತು ಕವಿ ವಿಲಿಯಂ ಕೂಪರ್ ಸೇರಿ ಹೊರತಂದ 'ಓಲ್ನಿ ಹಿಮ್ಸ್' ಪುಸ್ತಕದಲ್ಲಿ 348 ಹಾಡುಗಳಿವೆ, ಒಂದಕ್ಕೂ ಸ್ವರಲಿಪಿ ಇಲ್ಲ. ಮಾತ್ರೆಗಳ ಅಳತೆ ಹೊಂದಿದರೆ ಯಾವ ಧಾಟಿಗಾದರೂ ಹಾಡಿಕೊಳ್ಳಬಹುದಿತ್ತು. ಇಂದು ಜಗತ್ತೆಲ್ಲ ಬಲ್ಲ ಧಾಟಿ ಅಮೆರಿಕದಲ್ಲಿ 1829ರ ಸಂಗ್ರಹವೊಂದರಲ್ಲಿ ಅಚ್ಚಾಗಿ ಸಿಗುತ್ತದೆ, ಬೇರೆ ಹೆಸರಿನಲ್ಲಿ, ಬೇರೆ ಮಾತುಗಳೊಂದಿಗೆ. ಅದನ್ನು ನ್ಯೂಟನ್ನರ ಸಾಹಿತ್ಯಕ್ಕೆ ಜೋಡಿಸಿದವರು ದಕ್ಷಿಣ ಕೆರೊಲಿನಾದ ವಿಲಿಯಂ ವಾಕರ್, 1835ರ 'ಸದರ್ನ್ ಹಾರ್ಮೊನಿ' ಪುಸ್ತಕದಲ್ಲಿ. ಅಷ್ಟು ಹೊತ್ತಿಗೆ ನ್ಯೂಟನ್ ತೀರಿಕೊಂಡು 28 ವರ್ಷ ಆಗಿತ್ತು. ಅವರು ಈ ಧಾಟಿಯನ್ನು ಕೇಳಿದ್ದರು ಎನ್ನಲು ಯಾವ ಪುರಾವೆಯೂ ಇಲ್ಲ.

ಹತ್ತು ಸಾವಿರ ವರ್ಷಗಳ ಮಾತು ಬರುವ ಕೊನೆಯ ಚರಣವೂ ನ್ಯೂಟನ್ನರದಲ್ಲ. ಅದು ಬೇರೊಂದು ಹಾಡಿನಿಂದ ಹಾರಿಬಂದದ್ದು. 1852ರ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಯಲ್ಲಿ ಟಾಮ್ ಹಾಡುವಾಗ ಹ್ಯಾರಿಯೆಟ್ ಬೀಚರ್ ಸ್ಟೋವ್ ಆ ಚರಣವನ್ನು ನ್ಯೂಟನ್ನರ ಚರಣಗಳ ಜತೆ ಸೇರಿಸಿದ್ದಾರೆ. ಗುಲಾಮರ ಪಾಲು ಈ ಹಾಡಿನಲ್ಲಿ ಇಲ್ಲವೆಂದಲ್ಲ. ಅಮೆರಿಕದ ಕಪ್ಪುಜನರು ಅದನ್ನು ತಮ್ಮದಾಗಿಸಿಕೊಂಡು ಹಾಡಿದ್ದರಿಂದಲೇ ಅದಕ್ಕೆ ಇಂದಿನ ಎತ್ತರ ಬಂದದ್ದು. ಆ ಪಾಲನ್ನು ಒಪ್ಪಲು ಹಡಗಿನ ದಂತಕಥೆ ಬೇಕಾಗಿಲ್ಲ.

4. ತಪ್ಪು ಕಲ್ಪನೆ: ಕುರುಡಿ ಫ್ಯಾನಿ ಕ್ರಾಸ್ಬಿ ಬದುಕಿನುದ್ದಕ್ಕೂ ದುಃಖದಲ್ಲಿ ಬೆಂದು ಹಾಡು ಬರೆದರು, ಮಾತು ಮೊದಲು ಹುಟ್ಟುತ್ತಿತ್ತು, ಧಾಟಿ ಆಮೇಲೆ.

ವಾಸ್ತವ: ಕ್ರಾಸ್ಬಿ 1820ರಲ್ಲಿ ಹುಟ್ಟಿ 1915ರವರೆಗೆ, ಅಂದರೆ ಸುಮಾರು 95 ವರ್ಷ ಬಾಳಿದರು. ಆರು ವಾರದ ಕೂಸಾಗಿದ್ದಾಗಲೇ ಕಣ್ಣು ಹೋಯಿತು. ನ್ಯೂಯಾರ್ಕಿನ ಅಂಧರ ಶಾಲೆಯಲ್ಲಿ ಓದಿ ಅಲ್ಲೇ ಶಿಕ್ಷಕಿಯಾದರು, ಮೊದಲ ಕವನ ಸಂಕಲನ 1844ರಲ್ಲಿ ಬಂತು. ಸುವಾರ್ತಾ ಗೀತೆಗಳಿಗೆ ಬರುವ ಮೊದಲು ಜಾರ್ಜ್ ರೂಟ್ ಎಂಬ ಸಂಗೀತಗಾರರಿಗೆ ಪ್ರೇಮಗೀತೆ, ವಿರಹಗೀತೆಗಳನ್ನು ಬರೆದುಕೊಟ್ಟಿದ್ದರು, ಅವು ಮನೆಮಾತಾಗಿದ್ದವು. ಸುವಾರ್ತಾ ಗೀತೆಗಳ ಕಡೆ ತಿರುಗಿದ್ದು 1864ರಲ್ಲಿ, ವಿಲಿಯಂ ಬ್ರ್ಯಾಡ್ಬರಿ ಕೇಳಿದ ಮೇಲೆ. ಆಗ ಅವರಿಗೆ 44ರ ಹತ್ತಿರ ವಯಸ್ಸು.

ಅಲ್ಲಿಂದಾಚೆಗೆ ಅದು ದಿನಗೂಲಿಯ ಶಿಸ್ತಿನಲ್ಲಿ ನಡೆದ ಕೆಲಸ. ಪ್ರಕಾಶಕರಿಗೆ ವಾರಕ್ಕೆ ಇಂತಿಷ್ಟು ಹಾಡು. ಒಂದಕ್ಕೆ ಸಿಗುತ್ತಿದ್ದುದು ಒಂದೆರಡು ಡಾಲರ್. ಹಾಡನ್ನು ಮನಸ್ಸಿನಲ್ಲೇ ಪೂರ್ತಿ ಕಟ್ಟಿ, ತಿದ್ದಿ, ನೆನಪಿನಲ್ಲಿಟ್ಟು, ಆಮೇಲೆ ಬೇರೆಯವರ ಕೈಯಲ್ಲಿ ಬರೆಸುತ್ತಿದ್ದರು. ಹೀಗೆ ಆದ ಹಾಡುಗಳು 8,000ಕ್ಕೂ ಹೆಚ್ಚು. ಒಂದೇ ಪುಸ್ತಕದ ತುಂಬ ಒಂದೇ ಹೆಸರು ಕಾಣಬಾರದೆಂದು ಪ್ರಕಾಶಕರು ಅವುಗಳನ್ನು ಹತ್ತಾರು ಗುಪ್ತನಾಮಗಳಲ್ಲಿ ಹಂಚಿದರು. ಅವರ ಎಷ್ಟೋ ಹಾಡುಗಳ ಎಡಮೂಲೆಯಲ್ಲಿರುವ ಹೆಸರು ಕ್ರಾಸ್ಬಿ ಅಲ್ಲದಿರುವುದಕ್ಕೆ ಇದು ಕಾರಣ.

ಧಾಟಿಯ ವಿಷಯಕ್ಕೆ ಬಂದರೆ, ಅವರ ಹೆಸರಾಂತ ಹಾಡುಗಳಲ್ಲಿ ಕೆಲವು ಧಾಟಿ ಕೇಳಿದ ಮೇಲೆ ಹುಟ್ಟಿದವು. 1868ರಲ್ಲಿ ವಿಲಿಯಂ ಡೋನ್ ರೈಲು ಹಿಡಿಯುವ ಅವಸರದಲ್ಲಿ ಬಂದು ಒಂದು ಧಾಟಿ ನುಡಿಸಿದರು. ಅವರು ಹೊರಡುವಷ್ಟರಲ್ಲಿ 'ಸೇಫ್ ಇನ್ ದಿ ಆರ್ಮ್ಸ್ ಆಫ್ ಜೀಸಸ್' ಸಿದ್ಧವಾಗಿತ್ತು. 1873ರಲ್ಲಿ ಗೆಳತಿ ಫೀಬಿ ನ್ಯಾಪ್ ತಾವು ಕಟ್ಟಿದ ಧಾಟಿಯನ್ನು ನುಡಿಸಿ ಇದು ಏನು ಹೇಳುತ್ತದೆ ಎಂದು ಕೇಳಿದರು. ಉತ್ತರವಾಗಿ ಬಂದದ್ದು 'ಬ್ಲೆಸೆಡ್ ಅಶ್ಯೂರೆನ್ಸ್'. ಸಿನಿಮಾ ಹಾಡಿನ ಕವಿಗಳಿಗೆ ಈ ಪದ್ಧತಿ ಹೊಸದೇನಲ್ಲ.

ಇನ್ನು ದುಃಖದ ಮಾತು. ಕುರುಡುತನವನ್ನು ಕುರಿತ ಮರುಕ ಅವರಿಗೆ ಹಿಡಿಸುತ್ತಿರಲಿಲ್ಲ. ಇಳಿವಯಸ್ಸಿನಲ್ಲೂ ನ್ಯೂಯಾರ್ಕಿನ ಬಡ ಕೇರಿಗಳ ಸುವಾರ್ತಾ ಕೇಂದ್ರಗಳಿಗೆ ಹೋಗಿ ಕುಡಿತಕ್ಕೆ ಬಿದ್ದವರ, ಕೆಲಸ ಕಳೆದುಕೊಂಡವರ ನಡುವೆ ಕೂರುತ್ತಿದ್ದರು.

5. ತಪ್ಪು ಕಲ್ಪನೆ: ಹೊರೇಷಿಯೊ ಸ್ಪ್ಯಾಫರ್ಡ್ ಮೊದಲು ಮಗನನ್ನು, ಆಮೇಲೆ ಬೆಂಕಿಯಲ್ಲಿ ಆಸ್ತಿಯನ್ನು, ಆಮೇಲೆ ಹೆಣ್ಣುಮಕ್ಕಳನ್ನು ಕಳೆದುಕೊಂಡು, ಅವರು ಮುಳುಗಿದ ಜಾಗದಲ್ಲೇ 'ಇಟ್ ಈಸ್ ವೆಲ್ ವಿತ್ ಮೈ ಸೋಲ್' ಬರೆದರು.

ವಾಸ್ತವ: ಸ್ಪ್ಯಾಫರ್ಡ್ ಶಿಕಾಗೊದ ವಕೀಲರು. 1871ರ ಅಕ್ಟೋಬರಿನ ಮಹಾ ಬೆಂಕಿಯಲ್ಲಿ ಅವರು ಜಮೀನಿನ ಮೇಲೆ ಹಾಕಿದ್ದ ಹಣ ಮುಳುಗಿತು. 1873ರ ನವೆಂಬರ್ 22ರಂದು 'ವಿಲ್ ದು ಆವ್ರ್' ಎಂಬ ಹಡಗು ಅಟ್ಲಾಂಟಿಕ್‌ನಲ್ಲಿ ಇನ್ನೊಂದಕ್ಕೆ ಡಿಕ್ಕಿಯಾಗಿ 226 ಜನ ಸತ್ತರು. ಅವರಲ್ಲಿ ಸ್ಪ್ಯಾಫರ್ಡ್ ದಂಪತಿಯ ನಾಲ್ಕು ಹೆಣ್ಣುಮಕ್ಕಳೂ ಇದ್ದರು. ತಾಯಿ ಆ್ಯನಾ ಒಬ್ಬರೇ ಬದುಕಿ ತಂತಿ ಕಳಿಸಿದರು. ಇಷ್ಟು ನಿರ್ವಿವಾದ.

ಮಗನ ಸಾವನ್ನು ಮಾತ್ರ ಕಥೆ ಹಿಂದುಮುಂದು ಮಾಡಿದೆ. ಆ ಹುಡುಗ ಹುಟ್ಟಿದ್ದೇ ಹಡಗು ಮುಳುಗಿದ ಮೇಲೆ, 1875ರಲ್ಲಿ. ಜ್ವರದಿಂದ ತೀರಿಕೊಂಡದ್ದು 1880ರಲ್ಲಿ, ಹಾಡು ಅಚ್ಚಾಗಿ ನಾಲ್ಕು ವರ್ಷ ಕಳೆದ ಮೇಲೆ. ಹಾಡು ಹುಟ್ಟಿದ ಜಾಗದ ಬಗ್ಗೆ ಎರಡು ಹೇಳಿಕೆಗಳಿವೆ. ಆ್ಯನಾ ಅವರನ್ನು ಸೇರಲು ಹೋಗುವಾಗ ಸಮುದ್ರದ ಮೇಲೆಯೇ ಬರೆದರೆಂದು ನಂತರ ಹುಟ್ಟಿದ ಮಗಳು ಬರ್ಥಾ ಬರೆದಿದ್ದಾರೆ. 1876ರಲ್ಲಿ ತಾವು ಅವರ ಮನೆಯಲ್ಲಿ ಉಳಿದಿದ್ದಾಗ ಬರೆದರೆಂದು ಗಾಯಕ ಐರಾ ಸ್ಯಾಂಕಿ ನೆನಪಿಸಿಕೊಂಡಿದ್ದಾರೆ. ಉಳಿದುಬಂದಿರುವ ಹಸ್ತಪ್ರತಿ ಶಿಕಾಗೊದ ಹೋಟೆಲೊಂದರ ಕಾಗದದ ಮೇಲಿದೆ, ಅಚ್ಚಾದ ವರ್ಷ 1876. ಮೊದಲ ಸಾಲುಗಳು ಹಡಗಿನಲ್ಲಿ ಹೊಳೆದಿರಬಹುದು. ಪೂರ್ತಿ ಹಾಡು ನೆಲದ ಮೇಲೆ, ನಿಧಾನವಾಗಿ ರೂಪುಗೊಂಡದ್ದು ಎನ್ನುವುದೇ ದಾಖಲೆಗೆ ಹತ್ತಿರ.

ಈ ಕಥೆಯಲ್ಲಿ ಬಿದ್ದುಹೋದ ಬಲಮೂಲೆಯ ಹೆಸರು ಫಿಲಿಪ್ ಬ್ಲಿಸ್. ಧಾಟಿ ಅವರದು, ಅದಕ್ಕೆ ಅವರಿಟ್ಟ ಹೆಸರು ಮುಳುಗಿದ ಹಡಗಿನದೇ. ಹಾಡು ಬೆಳಕಿಗೆ ಬಂದ ಅದೇ ವರ್ಷ, ಡಿಸೆಂಬರ್ 29ರಂದು, ಒಹಾಯೊದ ಆ್ಯಷ್ಟಬ್ಯುಲಾದಲ್ಲಿ ಸೇತುವೆ ಕುಸಿದು ರೈಲು ಕಂದಕಕ್ಕೆ ಬಿತ್ತು. ಬ್ಲಿಸ್ ಮತ್ತು ಹೆಂಡತಿ ಲೂಸಿ ಇಬ್ಬರೂ ಆ ಅಪಘಾತದಲ್ಲಿ ಸತ್ತರು. ಬ್ಲಿಸ್ ಅವರಿಗೆ ಆಗ 38 ವರ್ಷ. ಸ್ಪ್ಯಾಫರ್ಡರ ಸಂಕಟವನ್ನು ಬಲ್ಲ ಲಕ್ಷಾಂತರ ಜನರಿಗೆ ಈ ಸಾವು ಗೊತ್ತಿಲ್ಲ.

6. ತಪ್ಪು ಕಲ್ಪನೆ: ದೊಡ್ಡ ಹಾಡುಗಳೆಲ್ಲ ಒಂದು ಕ್ಷಣದ ಪ್ರೇರಣೆಯಲ್ಲಿ ಹುಟ್ಟಿದವು.

ವಾಸ್ತವ: 'ಜಸ್ಟ್ ಆ್ಯಸ್ ಐ ಆ್ಯಮ್' ಬರೆದ ಷಾರ್ಲಟ್ ಎಲಿಯಟ್ ಅವರಿಗೆ ಸ್ವಿಟ್ಜರ್ಲೆಂಡಿನ ಬೋಧಕ ಸೀಸರ್ ಮಲಾನ್ ಬುದ್ಧಿ ಹೇಳಿದ್ದು 1822ರಲ್ಲಿ. ಅಂದೇ ರಾತ್ರಿ ಹಾಡು ಬಂತೆಂಬುದು ಜನಪ್ರಿಯ ಕಥೆ. ಹಾಡು ಬಂದದ್ದು ಸುಮಾರು 12 ವರ್ಷಗಳ ಮೇಲೆ, ಬ್ರೈಟನ್‌ನಲ್ಲಿ. ಅವರ ತಮ್ಮ ಕಟ್ಟಿಸುತ್ತಿದ್ದ ಶಾಲೆಗೆ ಹಣ ಕೂಡಿಸಲು ಮನೆಯವರೆಲ್ಲ ಮಾರಾಟಮೇಳದ ಗಡಿಬಿಡಿಯಲ್ಲಿದ್ದರು. ಬಹುಕಾಲದ ಕಾಯಿಲೆಯಿಂದ ಹಾಸಿಗೆಯಲ್ಲಿದ್ದ ಷಾರ್ಲಟ್, ನನ್ನಿಂದ ಯಾರಿಗೂ ಪ್ರಯೋಜನವಿಲ್ಲವಲ್ಲ ಎಂಬ ಕೊರಗಿನಲ್ಲಿ ಬರೆದರು.

'ರಾಕ್ ಆಫ್ ಏಜಸ್' ಹಾಡನ್ನು ಅಗಸ್ಟಸ್ ಟಾಪ್ಲಡಿ ಸಾಮರ್ಸೆಟ್‌ನ ಒಂದು ಬಂಡೆಯ ಬಿರುಕಿನಲ್ಲಿ ಮಳೆಗೆ ಮರೆಯಾಗಿ ನಿಂತು ಬರೆದರೆಂದು ಹೇಳುತ್ತಾರೆ. ಬಂಡೆಯನ್ನು ಪ್ರವಾಸಿಗಳಿಗೆ ತೋರಿಸುವುದೂ ಉಂಟು. ಟಾಪ್ಲಡಿ ಬದುಕಿದ್ದ ಕಾಲದ ಒಂದು ದಾಖಲೆಯೂ ಇದನ್ನು ಹೇಳುವುದಿಲ್ಲ. ಪೂರ್ತಿ ಹಾಡು 1776ರಲ್ಲಿ ಅವರೇ ನೋಡಿಕೊಳ್ಳುತ್ತಿದ್ದ ಪತ್ರಿಕೆಯಲ್ಲಿ ಬಂತು. ಮನುಷ್ಯನ ಪಾಪವನ್ನು ಇಂಗ್ಲೆಂಡಿನ ತೀರಿಸಲಾಗದ ರಾಷ್ಟ್ರೀಯ ಸಾಲದ ಜತೆ ತೂಗಿದ ಲೇಖನವೊಂದರ ಕೊನೆಯಲ್ಲಿ.

ಹಾಗೆಂದು ಕ್ಷಣದಲ್ಲಿ ಹುಟ್ಟಿದವು ಇಲ್ಲವೇ ಇಲ್ಲ ಎನ್ನುವಂತಿಲ್ಲ. 1874ರಲ್ಲಿ ಸ್ಕಾಟ್ಲೆಂಡಿನ ರೈಲಿನಲ್ಲಿ ಸ್ಯಾಂಕಿ ಪತ್ರಿಕೆಯೊಂದರಿಂದ ಎಲಿಜಬೆತ್ ಕ್ಲೆಫೇನ್ ಅವರ ಪದ್ಯವನ್ನು ಕತ್ತರಿಸಿ ಜೇಬಿಗಿಟ್ಟರು. ಎಡಿನ್‌ಬರೊ ಸಭೆಯಲ್ಲಿ ಬೋಧಕ ಮೂಡಿ ಇದ್ದಕ್ಕಿದ್ದಂತೆ ಹಾಡಲು ಹೇಳಿದಾಗ, ಆ ಚೀಟಿಯನ್ನು ಹಾರ್ಮೋನಿಯಂ ಮೇಲಿಟ್ಟುಕೊಂಡು ಅಲ್ಲೇ ಧಾಟಿ ಕಟ್ಟುತ್ತ ಹಾಡಿದರು. ಅದೇ 'ದಿ ನೈಂಟಿ ಆ್ಯಂಡ್ ನೈನ್'. ಇದನ್ನು ಹೇಳಿದವರು ಹಾಡಿದ ಸ್ಯಾಂಕಿಯೇ. ಪದ್ಯ ಬರೆದ ಕ್ಲೆಫೇನ್ ಮಾತ್ರ ಅದನ್ನು ಕೇಳಲಿಲ್ಲ. ಅವರು 1869ರಲ್ಲೇ ತೀರಿಕೊಂಡಿದ್ದರು.

7. ತಪ್ಪು ಕಲ್ಪನೆ: ಬರೆದವರೆಲ್ಲ ಪಾದ್ರಿಗಳು, ಅದರಲ್ಲೂ ಗಂಡಸರು.

ವಾಸ್ತವ: ಕ್ರಾಸ್ಬಿ, ಎಲಿಯಟ್, ಕ್ಲೆಫೇನ್, ಫ್ರಾನ್ಸಿಸ್ ಹ್ಯಾವರ್ಗಲ್, ಇವರೆಲ್ಲ ಹೆಂಗಸರು. ವೇದಿಕೆ ಹತ್ತಿ ಬೋಧಿಸಲು ಹೆಚ್ಚಿನ ಸಭೆಗಳು ಹೆಂಗಸರಿಗೆ ಅವಕಾಶ ಕೊಡದಿದ್ದ ಕಾಲದಲ್ಲಿ ಅವರ ಮಾತನ್ನು ಇಡೀ ಸಭೆ ಎದ್ದುನಿಂತು ಹಾಡುತ್ತಿತ್ತು. ಧಾಟಿ ಕಟ್ಟಿದವರಲ್ಲಿ ಕಾನ್ವರ್ಸ್ ವಕೀಲರು. ಡೋನ್ ಅವರದು ಸಿನ್ಸಿನಾಟಿಯಲ್ಲಿ ಮರಗೆಲಸದ ಯಂತ್ರಗಳ ಕಾರ್ಖಾನೆ. ಫೀಬಿ ನ್ಯಾಪ್ ವಿಮಾ ಕಂಪನಿಯ ಮುಖ್ಯಸ್ಥರೊಬ್ಬರ ಹೆಂಡತಿ.

8. ತಪ್ಪು ಕಲ್ಪನೆ: ಹಾಡಿನ ಪುಸ್ತಕ ಮಾರಿ ಮೂಡಿ, ಸ್ಯಾಂಕಿ ಹಣ ಮಾಡಿಕೊಂಡರು.

ವಾಸ್ತವ: ಪುಸ್ತಕಗಳು ಲಕ್ಷಗಟ್ಟಲೆ ಖರ್ಚಾದದ್ದು ನಿಜ. ಅವರಿಬ್ಬರ ಬ್ರಿಟನ್ ಪ್ರವಾಸದಲ್ಲಿ ಕೆಲವೇ ಪುಟಗಳ ಕಿರುಹೊತ್ತಿಗೆಯಾಗಿ ಶುರುವಾದದ್ದು ಮುಂದೆ 1,200 ಹಾಡುಗಳ ಸಂಗ್ರಹವಾಗಿ ಬೆಳೆಯಿತು. ಆಗಲೇ ಈ ಆಪಾದನೆಯೂ ಕೇಳಿಬಂದಿತ್ತು. ಆದರೆ ಗೌರವಧನವನ್ನು ಅವರು ತಮ್ಮ ಜೇಬಿಗೆ ಹಾಕಿಕೊಳ್ಳದೆ ಧರ್ಮದರ್ಶಿಗಳ ಕೈಗೆ ಬಿಟ್ಟರು. ನಾರ್ತ್‌ಫೀಲ್ಡ್‌ನಲ್ಲಿ ಮೂಡಿ ತೆರೆದ ಶಾಲೆಗಳಿಗೆ ಆ ಹಣ ಹೋಯಿತು.

9. ತಪ್ಪು ಕಲ್ಪನೆ: 'ಪ್ರೆಷಸ್ ಲಾರ್ಡ್' ಬರೆದವರು ಜಾಝ್ ವಾದ್ಯವೃಂದದ ಟಾಮಿ ಡಾರ್ಸಿ, ಗಾಸ್ಪೆಲ್ ಸಂಗೀತಕ್ಕೂ ಬ್ಲೂಸ್‌ಗೂ ಸಂಬಂಧವಿಲ್ಲ.

ವಾಸ್ತವ: ಹೆಸರಿನ ಹೋಲಿಕೆಯಿಂದ ಆದ ಗೊಂದಲ. ಟಾಮಿ ಡಾರ್ಸಿ ಬಿಳಿಯ, ಟ್ರಾಂಬೋನ್ ವಾದಕ. 'ಪ್ರೆಷಸ್ ಲಾರ್ಡ್' ಬರೆದವರು ಥಾಮಸ್ ಎ. ಡಾರ್ಸಿ, 1899ರಲ್ಲಿ ಜಾರ್ಜಿಯಾದಲ್ಲಿ ಬೋಧಕರೊಬ್ಬರ ಮಗನಾಗಿ ಹುಟ್ಟಿದ ಕಪ್ಪು ಸಂಗೀತಗಾರ. 'ಜಾರ್ಜಿಯಾ ಟಾಮ್' ಎಂಬ ಹೆಸರಿನಲ್ಲಿ ಬ್ಲೂಸ್ ಪಿಯಾನೊ ನುಡಿಸುತ್ತಿದ್ದವರು, ಮಾ ರೇನಿಯ ತಂಡದಲ್ಲಿದ್ದವರು. 1928ರಲ್ಲಿ ಪೋಲಿ ಹಾಡೊಂದರ ಗ್ರಾಮಫೋನ್ ತಟ್ಟೆಯಿಂದ ಹೆಸರು ಮಾಡಿದವರು. ಅದೇ ಬ್ಲೂಸ್ ನಡೆಯನ್ನು ಚರ್ಚಿಗೆ ತಂದಾಗ ಶಿಕಾಗೊದ ಹಲವು ಸಭೆಗಳು ಬಾಗಿಲು ಹಾಕಿದವು. ಅವರು ತಮ್ಮ ಹಾಡುಗಳನ್ನು ತಾವೇ ಅಚ್ಚು ಹಾಕಿಸಿ ಹಾಳೆ ಲೆಕ್ಕದಲ್ಲಿ ಮಾರಿದರು.

1932ರಲ್ಲಿ ಡಾರ್ಸಿ ಸೇಂಟ್ ಲೂಯಿಸ್‌ನಲ್ಲಿ ಹಾಡಲು ಹೋಗಿದ್ದಾಗ ಹೆಂಡತಿ ನೆಟ್ಟಿ ಹೆರಿಗೆಯಲ್ಲಿ ತೀರಿಕೊಂಡರು, ಕೂಸೂ ಉಳಿಯಲಿಲ್ಲ. 'ಪ್ರೆಷಸ್ ಲಾರ್ಡ್' ಆ ದಿನಗಳ ಹಾಡು. ಇಲ್ಲಿ ಕಥೆ ನಿಜ. ಆದರೆ ಧಾಟಿಯ ಬೇರು ಇನ್ನೂ ಹಿಂದೆ, 1844ರಲ್ಲಿ ಅಚ್ಚಾಗಿದ್ದ 'ಮೇಟ್‌ಲ್ಯಾಂಡ್' ಎಂಬ ಹಳೆಯ ಧಾಟಿಯಲ್ಲಿದೆ. ಡಾರ್ಸಿ ಅದನ್ನು ತಮ್ಮ ರೀತಿಯಲ್ಲಿ ಒಗ್ಗಿಸಿಕೊಂಡರು. ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಪ್ರಿಯವಾಗಿದ್ದ ಈ ಹಾಡನ್ನು 1968ರಲ್ಲಿ ಅವರ ಅಂತ್ಯಸಂಸ್ಕಾರದಲ್ಲಿ ಮಹೇಲಿಯಾ ಜಾಕ್ಸನ್ ಹಾಡಿದರು.

10. ತಪ್ಪು ಕಲ್ಪನೆ: 'ಅಬೈಡ್ ವಿತ್ ಮಿ' ಬ್ರಿಟಿಷರ ಮಿಲಿಟರಿ ಹಾಡು.

ವಾಸ್ತವ: ಜನವರಿ 29ರ ಬೀಟಿಂಗ್ ರಿಟ್ರೀಟ್‌ನಲ್ಲಿ ದಶಕಗಳ ಕಾಲ ಸೇನಾ ವಾದ್ಯಗಳಲ್ಲಿ ಕೇಳಿದ್ದರಿಂದ ನಮಗೆ ಹಾಗನ್ನಿಸುವುದು ಸಹಜ. 2022ರಲ್ಲಿ ಅದನ್ನು ಕೈಬಿಟ್ಟಾಗ ವಸಾಹತುಶಾಹಿಯ ಪಳೆಯುಳಿಕೆ ಎಂಬ ಮಾತೂ ಬಂತು. ಬರೆದ ಹೆನ್ರಿ ಫ್ರಾನ್ಸಿಸ್ ಲೈಟ್ ಇಂಗ್ಲೆಂಡಿನ ಬ್ರಿಕ್ಸಮ್ ಎಂಬ ಮೀನುಗಾರರ ಊರಿನ ಪಾದ್ರಿ; ಕ್ಷಯದಿಂದ ನರಳುತ್ತ 1847ರ ನವೆಂಬರ್‌ನಲ್ಲಿ ಈಗ ಫ್ರಾನ್ಸಿಗೆ ಸೇರಿರುವ ಕಡಲತೀರದ ನೀಸ್‌ನಲ್ಲಿ ಸತ್ತವರು. ಹಾಡು ಅವರ ಬದುಕಿನ ಕೊನೆಯ ತಿಂಗಳುಗಳದ್ದೆಂಬುದು ರೂಢಿಯ ಮಾತು. ಲೈಟ್ ತಾವೇ ಒಂದು ಧಾಟಿ ಮಾಡಿದ್ದರು, ಅದು ನಿಲ್ಲಲಿಲ್ಲ. ನಾವು ಕೇಳುವುದು ವಿಲಿಯಂ ಹೆನ್ರಿ ಮಂಕ್ 1861ರಲ್ಲಿ ಕೊಟ್ಟದ್ದನ್ನು. ಸೈನ್ಯಕ್ಕೂ ಇದರ ಹುಟ್ಟಿಗೂ ಸಂಬಂಧವಿಲ್ಲ. ಇದನ್ನು ಮೆಚ್ಚಿದವರಲ್ಲಿ ಗಾಂಧೀಜಿ ಇದ್ದರು.

11. ತಪ್ಪು ಕಲ್ಪನೆ: 'ಹೌ ಗ್ರೇಟ್ ದೌ ಆರ್ಟ್' ಅಮೆರಿಕದ ಹಾಡು.

ವಾಸ್ತವ: ಬಿಲ್ಲಿ ಗ್ರಹಾಂ ಅವರ 1957ರ ನ್ಯೂಯಾರ್ಕ್ ಸಭೆಗಳಲ್ಲಿ ಜಾರ್ಜ್ ಬೆವರ್ಲಿ ಷೇ ಹಾಡಿ ಪ್ರಸಿದ್ಧವಾದದ್ದರಿಂದ ಹೀಗೆ ತಿಳಿಯುತ್ತಾರೆ. ಮೂಲ ಪದ್ಯವನ್ನು 1885ರಲ್ಲಿ ಬರೆದವರು ಸ್ವೀಡನ್ನಿನ ಕಾರ್ಲ್ ಬೊಬೆರಿ. ಧಾಟಿ ಅಲ್ಲಿನ ಜನಪದದ್ದು. 1907ರಲ್ಲಿ ಎಸ್ಟೋನಿಯಾದಲ್ಲಿ ಮನ್‌ಫ್ರೆಡ್ ಫಾನ್ ಗ್ಲೇನ್ ಅದನ್ನು ಜರ್ಮನ್‌ಗೆ ತಂದರು. ಜರ್ಮನ್‌ನಿಂದ ರಷ್ಯನ್‌ಗೆ ಇವಾನ್ ಪ್ರೊಖಾನೊವ್ ತಂದರು. ರಷ್ಯನ್ ಹಾಡನ್ನು ಉಕ್ರೇನಿನ ಕಡೆ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಮಿಶನರಿ ಸ್ಟುವರ್ಟ್ ಹೈನ್ ಕೇಳಿದರು. ಕಾರ್ಪೇಥಿಯನ್ ಬೆಟ್ಟಗಳಲ್ಲಿ ಕಂಡದ್ದನ್ನೂ ಎರಡನೆಯ ಮಹಾಯುದ್ಧದ ನಿರಾಶ್ರಿತರ ಮನೆಯ ಹಂಬಲವನ್ನೂ ಸೇರಿಸಿ 1949ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅಮೆರಿಕಕ್ಕೆ ಅದು ಹೋದ ದಾರಿಗಳಲ್ಲಿ ಒಂದು ನಮ್ಮ ದೇಶದ ಮೂಲಕ ಹಾದಿದೆ: ಬೋಧಕ ಎಡ್ವಿನ್ ಓರ್ ಇದನ್ನು ಮಹಾರಾಷ್ಟ್ರದ ದೇವಳಾಲಿಯಲ್ಲಿ ನಾಗಾ ಗಾಯಕರ ಬಾಯಲ್ಲಿ ಕೇಳಿ 1954ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಒಯ್ದರು.

12. ತಪ್ಪು ಕಲ್ಪನೆ: ಕನ್ನಡದ ಹಳೆಯ ಕ್ರೈಸ್ತ ಗೀತೆಗಳೆಲ್ಲ ಇಂಗ್ಲಿಷ್ ಹಾಡುಗಳ ಅನುವಾದ.

ವಾಸ್ತವ: ಅನುವಾದಗಳು ಬೇಕಾದಷ್ಟಿವೆ, ಆದರೆ ಎಲ್ಲವೂ ಇಂಗ್ಲಿಷಿನಿಂದ ಬಂದವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಮನೆಮಾತು ಜರ್ಮನ್. ಕರಾವಳಿ ಮತ್ತು ಧಾರವಾಡದ ಕಡೆಯ ಸಭೆಗಳಿಗೆ ಅವರು ತಂದ ಧಾಟಿಗಳಲ್ಲಿ ಜರ್ಮನ್ ಕೋರಾಲ್‌ಗಳ ಪಾಲು ದೊಡ್ಡದು. ಬಳ್ಳಾರಿಯ ಲಂಡನ್ ಮಿಶನ್, ಮೈಸೂರು ಸೀಮೆಯ ವೆಸ್ಲಿಯನ್ ಮಿಶನ್ ಇಂಗ್ಲಿಷ್ ಪರಂಪರೆಯವು. ಇವೆರಡೂ ಅಲ್ಲದ ಮೂರನೆಯ ದಾರಿಯೊಂದಿತ್ತು. 'ಛಂದೋಂಬುಧಿ'ಯನ್ನು ಸಂಪಾದಿಸಿದ, ನಿಘಂಟು ಕಟ್ಟಿದ ಫರ್ಡಿನಂಡ್ ಕಿಟ್ಟೆಲ್ 1862ರಲ್ಲೇ 'ಕಥಾಮಾಲೆ' ಎಂಬ ಕೃತಿಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಪದ್ಯವಾಗಿಸಿದ್ದರು. ವಿದೇಶಿ ಧಾಟಿಗೆ ಕನ್ನಡದ ಮಾತನ್ನು ಹಿಗ್ಗಿಸಿ ಕುಗ್ಗಿಸಿ ಕೂರಿಸುವ ಬದಲು, ಇಲ್ಲಿನ ಕಿವಿಗೆ ಒಗ್ಗಿದ ಲಯದಲ್ಲಿ ಹೇಳುವ ಪ್ರಯತ್ನ ಅದು. ಪಲ್ಲವಿ, ಚರಣಗಳಿರುವ ಕೀರ್ತನೆಗಳು, ತಾಳ ಹಾಕಿ ಹಾಡುವ ಭಜನೆಗಳು ನಮ್ಮ ಸಭೆಗಳಲ್ಲಿ ಈಗಲೂ ಪಾಶ್ಚಾತ್ಯ ಧಾಟಿಗಳ ಪಕ್ಕದಲ್ಲೇ ಬಾಳುತ್ತಿವೆ.

ಕನ್ನಡದಲ್ಲಿ ಇನ್ನೊಂದು ತೊಡಕು ಇದೆ. ಸ್ವರಲಿಪಿ ಇಲ್ಲದೆ ಸಾಹಿತ್ಯವನ್ನಷ್ಟೇ ಅಚ್ಚು ಹಾಕುವ ಪುಸ್ತಕಗಳಲ್ಲಿ ಎರಡೂ ಮೂಲೆಗಳು ಖಾಲಿ ಬೀಳುತ್ತವೆ. ಮೂರನೆಯವರಾದ ಅನುವಾದಕರಿಗಂತೂ ಜಾಗವೇ ಇರುವುದಿಲ್ಲ. ಹೆಸರಿಲ್ಲದ ಕಡೆ ಕಥೆ ಬಂದು ಕೂರುತ್ತದೆ. ಅದನ್ನು ತಡೆಯಲು ದೊಡ್ಡ ಸಂಶೋಧನೆ ಬೇಕಿಲ್ಲ. ಹಾಡಿನ ಕಥೆ ಹೇಳುವವರು ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು: ಬರೆದದ್ದು ಯಾವಾಗ, ಅಚ್ಚಾದದ್ದು ಯಾವಾಗ, ಧಾಟಿ ಯಾರದು, ಈ ಕಥೆಯನ್ನು ಮೊದಲು ಹೇಳಿದವರು ಯಾರು? ಹೊಸ ಗೀತಪುಸ್ತಕ ಅಚ್ಚು ಹಾಕಿಸುವ ಸಭೆಗಳು ಪ್ರತಿ ಹಾಡಿಗೂ ಒಂದು ಸಾಲು ಜಾಗ ಬಿಟ್ಟು, ಗೊತ್ತಿರುವಷ್ಟು ಹೆಸರುಗಳನ್ನು ಸೇರಿಸಲಿ. ಊರಿನ ಹಿರಿಯರಿಗೆ, ಹಳೆಯ ಉಪಾಧ್ಯಾಯರಿಗೆ ನೆನಪಿರುವ ಕನ್ನಡದ ಕೀರ್ತನಕಾರರಿಂದಲೇ ಅದನ್ನು ಶುರುಮಾಡಬಹುದು.